ಹಳೆಯ ಎಂಜಿಬಿಗೆ ಯಾವ ಆಲ್ಟರ್ನೇಟರ್? ಐದು ದಾರಿಗಳನ್ನು ಪಕ್ಕಪಕ್ಕ ಇಟ್ಟಾಗ

ಮೊದಲು ಲೆಕ್ಕ. 1962ರಲ್ಲಿ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ಹೊರಬಂದಾಗ ಅದರಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಿದ್ದದ್ದು ಲ್ಯೂಕಸ್ ಕಂಪನಿಯ ಸಿ40 ಡೈನಮೊ; ಆಲ್ಟರ್ನೇಟರ್ ಅದೇ ಕೆಲಸ ಮಾಡುವ ಹೊಸ ಪೀಳಿಗೆಯ ಯಂತ್ರ. ಹೆಚ್ಚೆಂದರೆ 22 ಆಂಪಿಯರ್. ಈಗ ಮಳೆ ಹೊಡೆಯುವ ರಾತ್ರಿಯೊಂದನ್ನು ನೆನೆಸಿಕೊಳ್ಳಿ. 60 ವ್ಯಾಟಿನ ಎರಡು ಹೆಡ್‌ಲೈಟಿಗೆ ಸುಮಾರು 9 ಆಂಪಿಯರ್, ಸಣ್ಣಪುಟ್ಟ ದೀಪಗಳಿಗೆ 3, ಇಗ್ನಿಷನ್ನಿಗೆ 3ರಿಂದ 4, ವೈಪರಿಗೆ 3, ಹೀಟರ್ ಫ್ಯಾನಿಗೆ 4, ಪೆಟ್ರೋಲ್ ಪಂಪಿಗೆ 1. ಬ್ರೇಕ್ ತುಳಿದರೆ ಮತ್ತೆ 3. ಎಲ್ಲ ಸೇರಿ 26ರ ಆಸುಪಾಸು. ರೇಡಿಯೇಟರಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದ್ದರೆ ಇನ್ನೂ 8ರಿಂದ 10.

22 ಎಲ್ಲಿ, 26 ಎಲ್ಲಿ ಎಂದು ಗಾಬರಿಯಾಗಬೇಕಿಲ್ಲ. ಹೆದ್ದಾರಿಯಲ್ಲಿ ಇವೆಲ್ಲ ಒಟ್ಟಿಗೆ ಉರಿಯುವುದು ಅಪರೂಪ. ಡೈನಮೊ ಕೈಕೊಡುವುದು ಸಿಗ್ನಲ್ಲಿನಲ್ಲಿ ನಿಂತಾಗ. ಐಡ್ಲಿಂಗಿನಲ್ಲಿ ಅದು ಏನೂ ಕೊಡುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ವಾರ್ನಿಂಗ್ ದೀಪ ಮಿನುಗುತ್ತದೆ, ಇಡೀ ಭಾರ ಬ್ಯಾಟರಿಯ ತಲೆಗೆ ಬೀಳುತ್ತದೆ. ಹಾಗಾಗಿ ಹೋಲಿಕೆಯಲ್ಲಿ ನೋಡಬೇಕಾದದ್ದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಗರಿಷ್ಠ ಆಂಪಿಯರನ್ನಲ್ಲ, 800 ಆರ್‌ಪಿಎಂನಲ್ಲಿ ಏನು ಸಿಗುತ್ತದೆ ಎಂಬುದನ್ನು. ಕ್ರ್ಯಾಂಕ್ ಪುಲ್ಲಿ 125 ಮಿ.ಮೀ., ಆಲ್ಟರ್ನೇಟರಿನದು 70 ಮಿ.ಮೀ. ಇದ್ದರೆ ಅನುಪಾತ ಸುಮಾರು 1.8, ಎಂಜಿನ್ 800ರಲ್ಲಿ ತಿರುಗಿದರೆ ಆಲ್ಟರ್ನೇಟರ್ 1,400ರ ಮೇಲೆ ತಿರುಗುತ್ತದೆ. ಅಷ್ಟರಲ್ಲಿ ಅದು ಕೆಲಸ ಶುರು ಮಾಡಿರುತ್ತದೆ.

ಸಿ40 ಅನ್ನೇ ಉಳಿಸಿಕೊಳ್ಳುವುದು

ಇದೂ ಒಂದು ಆಯ್ಕೆಯೇ. ಹಗಲು ಹೊತ್ತು ಓಡುವ, ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಸೇರಿರುವುದು) ಹಾಗೇ ಇರುವ ಕಾರಿಗೆ ಬ್ರಷ್ಷು, ಬೇರಿಂಗು, ಹಿಂದಿನ ಬುಷ್ ಬದಲಿಸಿದ ಡೈನಮೊ ಸಾಕು. ಆ ಬುಷ್ಷಿಗೆ ಆಗಾಗ ಎರಡು ಹನಿ ಎಣ್ಣೆ ಬಿಡಬೇಕು. ಎಣ್ಣೆ ಹೆಚ್ಚಾದರೆ ಕಮ್ಯುಟೇಟರಿಗೆ ಇಳಿದು ಬ್ರಷ್ ಹಾಳು. ರಿಪೇರಿಯಾದ ಡೈನಮೊ ಕೂರಿಸಿದ ಮೇಲೆ ಪೋಲರೈಸ್ ಮಾಡಲು, ಅಂದರೆ ಅದರ ಪಾಸಿಟಿವ್-ನೆಗೆಟಿವ್ ದಿಕ್ಕು ಕಾರಿಗೆ ಹೊಂದಿಸಲು, ಬಹಳ ಜನ ಮರೆಯುತ್ತಾರೆ. ಡೈನಮೊದ ಡಿ (ಔಟ್‌ಪುಟ್) ಮತ್ತು ಎಫ್ (ಫೀಲ್ಡ್) ತಂತಿಗಳನ್ನು ಕಳಚಿ, ಬ್ಯಾಟರಿಯ ಲೈವ್‌ನಿಂದ (ಬಾಡಿಗೆ ಸೇರದ ತುದಿ) ಎಫ್ ಟರ್ಮಿನಲ್ಲಿಗೆ ಒಂದೆರಡು ಸೆಕೆಂಡು ತಂತಿ ಮುಟ್ಟಿಸಿದರೆ ಮುಗಿಯಿತು. ಕಾರನ್ನು ನೆಗೆಟಿವ್ ಅರ್ಥ್‌ಗೆ ತಿರುಗಿಸಿಯೂ ಡೈನಮೊ ಉಳಿಸಿಕೊಂಡವರು ಇದನ್ನು ಮಾಡಲೇಬೇಕು.

ಇನ್ನೊಂದು ಮಾತು: ಹೆಡ್‌ಲೈಟು ಮಂಕಾಗಿದೆ ಎಂದು ಡೈನಮೊ ಕೀಳುವ ಮುನ್ನ ದೀಪದ ಹಿಂಬದಿಯಲ್ಲೇ ವೋಲ್ಟೇಜ್ ಅಳೆಯಿರಿ. ಹಳೆಯ ಸ್ವಿಚ್ಚು, ಸಡಿಲಗೊಂಡ ಬುಲೆಟ್ ಕನೆಕ್ಟರುಗಳೇ ಒಂದೂವರೆ ವೋಲ್ಟ್ ನುಂಗುತ್ತಿದ್ದರೆ ಯಾವ ಆಲ್ಟರ್ನೇಟರ್ ತಂದರೂ ಬೆಳಕು ಬರದು. ಎರಡು ರಿಲೇ ಹಾಕಿದರೆ ಬರುತ್ತದೆ.

ಡೈನಮೊ ವೇಷದ ಆಲ್ಟರ್ನೇಟರ್

ಹೊರಗೆ ಸಿ40ರ ಉದ್ದನೆಯ ಡಬ್ಬಿ, ಒಳಗೆ ಆಲ್ಟರ್ನೇಟರ್. ಅದೇ ಬ್ರಾಕೆಟ್, ಅದೇ ಬೆಲ್ಟು, ಒಂದು ಗಂಟೆಯ ಕೆಲಸ. ಪಾಸಿಟಿವ್ ಅರ್ಥ್‌ಗೂ ಸಿಗುವುದರಿಂದ ಕಾರಿನ ಉಳಿದ ವೈರಿಂಗ್ ಮುಟ್ಟಬೇಕಾಗಿಲ್ಲ. ಆದರೆ ಡೈನಮೊದ ರೆಗ್ಯುಲೇಟರ್ (ವೋಲ್ಟೇಜ್ ಹತೋಟಿಯಲ್ಲಿಡುವ ಭಾಗ) ಇರುವ ಕಂಟ್ರೋಲ್ ಬಾಕ್ಸನ್ನು ಮಾತ್ರ ಸರ್ಕ್ಯೂಟಿನಿಂದ ಹೊರಗಿಡಲೇಬೇಕು; ಇಲ್ಲದಿದ್ದರೆ ಎರಡು ರೆಗ್ಯುಲೇಟರ್‌ಗಳು ಒಂದಕ್ಕೊಂದು ಜಗಳವಾಡುತ್ತವೆ. ಐದರಲ್ಲೂ ಇದೇ ದುಬಾರಿ. ಡಬ್ಬಿ ಸಣಕಲಾದ್ದರಿಂದ ಗಾಳಿಯಾಡುವುದು ಕಡಿಮೆ, ಪೂರ್ತಿ ಭಾರ ಹೊತ್ತು ನಿಂತಾಗ ಚೆನ್ನಾಗಿ ಬಿಸಿಯಾಗುತ್ತದೆ. ಪ್ರದರ್ಶನದಲ್ಲಿ ಬಾನೆಟ್ ಎತ್ತಿ ನಿಲ್ಲಿಸುವವರಿಗೆ ಇದು. ಬೇರೆಯವರು ಆ ದುಡ್ಡನ್ನು ವೈರಿಂಗಿಗೆ ಹಾಕುವುದು ಮೇಲು.

ಲ್ಯೂಕಸ್ 17ಎಸಿಆರ್, 18ಎಸಿಆರ್

1968ರ ಮಾದರಿಯಿಂದ ಕಾರ್ಖಾನೆಯೇ ಆಲ್ಟರ್ನೇಟರಿಗೆ ಬದಲಾಯಿತು. ಮೊದಲು ಹೊರಗೆ ರೆಗ್ಯುಲೇಟರ್ ಇದ್ದ 16ಎಸಿ, ಆಮೇಲೆ ರೆಗ್ಯುಲೇಟರ್ ಒಳಗೇ ಇರುವ ಎಸಿಆರ್ ಸಾಲು. 16ಎಸಿಆರ್ 34 ಆಂಪಿಯರ್, 17ಎಸಿಆರ್ 36, 18ಎಸಿಆರ್ ಸುಮಾರು 45. ಈ ಎಂಜಿನ್ನಿಗೇ ಮಾಡಿದ ಬ್ರಾಕೆಟ್ಟುಗಳು ಸಿಗುವುದರಿಂದ ಕೂರಿಸುವುದು ಸಲೀಸು. ಡೈನಮೊ ಉದ್ದ, ಆಲ್ಟರ್ನೇಟರ್ ಗಿಡ್ಡ. ಹಿಂದಿನ ಕಿವಿಗೂ (ಬೋಲ್ಟು ತೂರುವ ಚಾಚು) ಬ್ರಾಕೆಟ್ಟಿಗೂ ನಡುವೆ ಉಳಿಯುವ ಸಂದನ್ನು ಸ್ಪೇಸರ್‌ನಿಂದ ತುಂಬಬೇಕು. ಬೋಲ್ಟು ಬಿಗಿದು ಸಂದನ್ನು ಎಳೆದು ಮುಚ್ಚಲು ಹೋದರೆ ಅಲ್ಯೂಮಿನಿಯಂ ಕಿವಿ ಸೀಳುತ್ತದೆ. ಈ ಆಲ್ಟರ್ನೇಟರುಗಳು ಸಾಯುವ ಅತಿ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು, ಪಾಪ ಲ್ಯೂಕಸ್ಸಿನ ಹೆಸರಿಗೆ ಬೀಳುತ್ತದೆ.

ವೈರಿಂಗ್ ಹೀಗೆ. ಕಂಟ್ರೋಲ್ ಬಾಕ್ಸಿನಲ್ಲಿ ಡಿಗೆ ಬರುವ ದಪ್ಪ ಕಂದು-ಹಳದಿ ತಂತಿಯನ್ನು ಬಿಯ ಕಂದು ತಂತಿಗಳಿಗೆ ಸೇರಿಸಿ. ಇದೇ ಚಾರ್ಜಿಂಗ್ ತಂತಿ. ಎಫ್‌ನ ಕಂದು-ಹಸಿರು ತಂತಿಯನ್ನು ಡಬ್ಲ್ಯೂಎಲ್‌ನ ತೆಳು ಕಂದು-ಹಳದಿಗೆ ಸೇರಿಸಿ. ಇದು ವಾರ್ನಿಂಗ್ ದೀಪದ ತಂತಿ. ಹಳೆಯ ಬಾಕ್ಸಿನ ಒಳಗಿನ ಸುರುಳಿಗಳ ಸಂಪರ್ಕ ಕಿತ್ತು, ಟರ್ಮಿನಲ್ಲುಗಳನ್ನು ಒಳಗೇ ಬೆಸೆದರೆ ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆಲ್ಟರ್ನೇಟರಿನ ಪ್ಲಗ್ಗಿನಲ್ಲಿ ಅಗಲ ಪಿನ್ನು ಚಾರ್ಜಿಂಗಿಗೆ, ಸಣ್ಣ ಪಿನ್ನು ದೀಪಕ್ಕೆ.

ಆ ದಪ್ಪ ತಂತಿ 22 ಆಂಪಿಯರಿಗೆಂದು ಹಾಕಿದ್ದು. 17ಎಸಿಆರ್‌ಗೆ ಹೇಗೋ ನಡೆದೀತು, 18ಕ್ಕೆ ಬೇಡ. ಒಂದೂವರೆ ಮೀಟರ್ ಉದ್ದದ 2.5 ಚದರ ಮಿ.ಮೀ. ತಂತಿ 45 ಆಂಪಿಯರಿನಲ್ಲಿ ಅರ್ಧ ವೋಲ್ಟಿನ ಹತ್ತಿರ ಕಳೆಯುತ್ತದೆ. 6 ಚದರ ಮಿ.ಮೀ. ಆದರೆ 0.2. ಆಲ್ಟರ್ನೇಟರಿನಿಂದ ಸ್ಟಾರ್ಟರಿನ ಬ್ಯಾಟರಿ ಪೋಸ್ಟಿಗೆ ನೇರವಾಗಿ 6 ಚದರ ಮಿ.ಮೀ. ತಂತಿ ಎಳೆದು, ಪೋಸ್ಟಿನ ಬಳಿ 60 ಆಂಪಿಯರಿನ ಫ್ಯೂಸ್ ಹಾಕಿ. ಎಂಜಿಬಿಯ ಕಂದು ತಂತಿಗಳಿಗೆ ಮೂಲದಲ್ಲಿ ಫ್ಯೂಸೇ ಇಲ್ಲ ಎಂಬುದು ನೆನಪಿರಲಿ.

ವಾರ್ನಿಂಗ್ ದೀಪ ಬರೀ ಅಲಂಕಾರವಲ್ಲ. 2.2 ವ್ಯಾಟಿನ ಆ ಬಲ್ಬಿನ ಮೂಲಕ ಹರಿಯುವ ಚೂರು ಕರೆಂಟೇ ರೋಟರನ್ನು (ಆಲ್ಟರ್ನೇಟರಿನೊಳಗೆ ತಿರುಗುವ ವಿದ್ಯುತ್ಕಾಂತ) ಎಬ್ಬಿಸುವುದು. ಬಲ್ಬು ಸುಟ್ಟರೆ ಎಂಜಿನ್ನನ್ನು ಜೋರಾಗಿ ರೇಸ್ ಮಾಡುವ ತನಕ ಚಾರ್ಜಿಂಗ್ ಶುರುವಾಗದು. ಎಲ್‌ಇಡಿ ಹಾಕಿದರೂ ಅದೇ ಗತಿ. ಹಾಕಲೇಬೇಕೆಂದರೆ ಅದಕ್ಕೆ ಸಮಾಂತರವಾಗಿ 68 ಓಮ್, 5 ವ್ಯಾಟಿನ ರೆಸಿಸ್ಟರ್ ಕೊಡಿ.

ಟ್ರ್ಯಾಕ್ಟರುಗಳ ಪುಟ್ಟ ಡೆನ್ಸೊ

ಸಣ್ಣ ಡೀಸೆಲ್ ಎಂಜಿನ್ನುಗಳ ಮೇಲೆ ಕೂರುವ 40 ಆಂಪಿಯರಿನ ಡೆನ್ಸೊ. ಹಗುರ, ಅಳತೆಯಲ್ಲಿ ಎಸಿಆರ್‌ಗಿಂತ ಚಿಕ್ಕದು. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ ಟ್ರಾಫಿಕ್ಕಿನಲ್ಲಿ ಓಡುವ ಕಾರಿಗೆ ನಮ್ಮ ಮತ ಇದಕ್ಕೇ: ಪುಲ್ಲಿ ಚಿಕ್ಕದಾದಷ್ಟೂ ಐಡ್ಲಿಂಗಿನಲ್ಲಿ ವೇಗವಾಗಿ ತಿರುಗುತ್ತದೆ, ವೋಲ್ಟ್‌ಮೀಟರಿನ ಮುಳ್ಳು ಬೀಳುವುದಿಲ್ಲ. ಬಿ ಔಟ್‌ಪುಟ್ಟಿಗೆ, ಎಲ್ ದೀಪಕ್ಕೆ, ಐಜಿ ಇಗ್ನಿಷನ್ ಸ್ವಿಚ್ಚಿನ ಬಿಳಿ ತಂತಿಗೆ. ಈ ಐಜಿ ತಂತಿ ಹಳೆಯ ವೈರಿಂಗಿನಲ್ಲಿ ಇಲ್ಲ, ಹೊಸದಾಗಿ ಎಳೆಯಬೇಕು. ಅದನ್ನು ಮರೆತು "ಹೊಸ ಆಲ್ಟರ್ನೇಟರೇ ಸತ್ತಿದೆ" ಎಂದು ವಾಪಸ್ ಕೊಡಲು ಹೋಗುವುದುಂಟು.

ಕಷ್ಟ ಇರುವುದು ಬ್ರಾಕೆಟ್ಟಿನಲ್ಲಿ. 6 ಮಿ.ಮೀ. ಉಕ್ಕಿನ ಪಟ್ಟಿಯಲ್ಲಿ ಮಾಡಿಸಬೇಕು; ತೆಳು ಪಟ್ಟಿ ಎಂಜಿನ್ನಿನ ನಡುಕಕ್ಕೆ ಮಡಿಕೆಯ ಬಳಿ ಬಿರುಕು ಬಿಡುತ್ತದೆ. ಪುಲ್ಲಿಗಳ ಸಾಲನ್ನು ನೇರ ಪಟ್ಟಿ ಇಟ್ಟು ನೋಡಿ, ವ್ಯತ್ಯಾಸ 1 ಮಿ.ಮೀ. ಒಳಗಿರಲಿ. ಬೆಲ್ಟು ಕೀಚ್ ಎನ್ನುತ್ತಿದ್ದರೆ ಬಿಗಿ ಕಡಿಮೆಯೆಂದು ಇನ್ನಷ್ಟು ಎಳೆಯುವುದು ಬೇಡ, ಮೊದಲು ಸಾಲು ಪರೀಕ್ಷಿಸಿ. ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 13 ಮಿ.ಮೀ.ಯಷ್ಟು ಬಗ್ಗಬೇಕು.

ಡೆಲ್ಕೊ 10ಎಸ್‌ಐ

ಅಮೆರಿಕದ ಕಾರುಗಳದ್ದು. 63 ಆಂಪಿಯರ್, ಗಟ್ಟಿಮುಟ್ಟು, ಬಿಡಿಭಾಗ ಧಾರಾಳ. ಹಿಂಬದಿ ಡಬ್ಬಿಯನ್ನು ನಾಲ್ಕು ಬೋಲ್ಟು ಬಿಚ್ಚಿ 90 ಡಿಗ್ರಿ ತಿರುಗಿಸಿಕೊಳ್ಳಬಹುದು, ಇದರಿಂದ ಟರ್ಮಿನಲ್ಲುಗಳು ಬೇಕಾದ ಕಡೆಗೆ ಬರುತ್ತವೆ. ತಿರುಗಿಸುವಾಗ ಎರಡು ಹೋಳನ್ನು ಪೂರ್ತಿ ಬೇರ್ಪಡಿಸಬಾರದು. ಬೇರ್ಪಟ್ಟರೆ ಬ್ರಷ್ಷುಗಳು ಸ್ಪ್ರಿಂಗಿನ ಒತ್ತಡಕ್ಕೆ ಹೊರಗೆ ಹಾರುತ್ತವೆ. 1ನೇ ಪಿನ್ನು ದೀಪಕ್ಕೆ, 2ನೆಯದು ವೋಲ್ಟೇಜ್ ಅಳೆಯಲು. 1ನ್ನು ದೀಪವಿಲ್ಲದೆ ನೇರ ಇಗ್ನಿಷನ್ನಿಗೆ ಕೊಟ್ಟರೆ ಆಲ್ಟರ್ನೇಟರ್ ಅಲ್ಲಿಂದ ಇಗ್ನಿಷನ್ ಕಾಯಿಲಿಗೆ ಕರೆಂಟು ಹಿಂದಿರುಗಿಸುತ್ತದೆ. ಕೀ ತೆಗೆದರೂ ಎಂಜಿನ್ ನಿಲ್ಲದು. ನಡುವೆ ದೀಪವೋ ಡಯೋಡೋ ಇರಲೇಬೇಕು.

ಇಷ್ಟಾದರೂ ಎಂಜಿಬಿಯಲ್ಲಿ ಇದು ಕೂತ ಜಾಗ ನೋಡಿದರೆ ಆನೆಯನ್ನು ಅಡುಗೆಮನೆಯಲ್ಲಿ ಕಟ್ಟಿದಂತೆ. ಪುಲ್ಲಿ ಸಾಮಾನ್ಯವಾಗಿ ಅಗಲದ ಬೆಲ್ಟಿನದು, ಬದಲಿಸಬೇಕು. ಬೆಲ್ಟಿನ ಉದ್ದವೂ ಬೇರೆ. 63 ಆಂಪಿಯರಿಗೆ 10 ಚದರ ಮಿ.ಮೀ. ತಂತಿ ಬೇಕು. ಬೇಡಿಕೆಯೇ 35 ಇರುವಾಗ ಮಿಕ್ಕ ಆಂಪಿಯರ್ ಯಾರಿಗೆ? ಆಲ್ಟರ್ನೇಟರ್ ತನ್ನಷ್ಟಕ್ಕೆ 63ನ್ನು ತಳ್ಳುವುದಿಲ್ಲ, ಕಾರು ಕೇಳಿದಷ್ಟೇ ಕೊಡುತ್ತದೆ.

ಅರ್ಥ್ ತಿರುಗಿಸುವಾಗ

ಎಸಿಆರ್, ಡೆನ್ಸೊ, ಡೆಲ್ಕೊ ಮೂರಕ್ಕೂ ಕಾರು ನೆಗೆಟಿವ್ ಅರ್ಥ್ ಆಗಿರಬೇಕು. ಬ್ಯಾಟರಿ ತಿರುಗಿಸದೆ ಜೋಡಿಸಿದರೆ ಡಯೋಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸುಡುತ್ತವೆ. ಸೀಟಿನ ಹಿಂದಿರುವ 6 ವೋಲ್ಟಿನ ಎರಡು ಬ್ಯಾಟರಿಗಳ ಕೇಬಲ್ ಅದಲುಬದಲು ಮಾಡುವಾಗ ತುದಿಯ ಕ್ಲ್ಯಾಂಪುಗಳೂ ಬದಲಾಗಬೇಕು. ಪಾಸಿಟಿವ್ ಪೋಸ್ಟು ನೆಗೆಟಿವ್‌ಗಿಂತ ದಪ್ಪ. ಕಾಯಿಲಿನ ಎರಡು ಸಣ್ಣ ತಂತಿಗಳನ್ನು ಅದಲುಬದಲು ಮಾಡಿ, ಇಲ್ಲವಾದರೆ ಪ್ಲಗ್ಗಿನ ಕಿಡಿ ದುರ್ಬಲವಾಗುತ್ತದೆ: ಎಲೆಕ್ಟ್ರಾನುಗಳು ಬಿಸಿಯಾದ ನಡುಕಡ್ಡಿಯಿಂದ ಹೊರಡುವುದು ಸುಲಭ, ತಣ್ಣನೆಯ ಹೊರಕಡ್ಡಿಯಿಂದ ಹೊರಡಿಸಲು ಹೆಚ್ಚು ವೋಲ್ಟೇಜ್ ಬೇಕು. ಎಲೆಕ್ಟ್ರಿಕ್ ಟ್ಯಾಕೋಮೀಟರನ್ನು ಬಿಚ್ಚಿ ಒಳಗಿನ ಸಂಪರ್ಕವನ್ನೂ, ಹೊರಗಿನ ಬಿಳಿ ತಂತಿಯ ಸುತ್ತಿನ ದಿಕ್ಕನ್ನೂ ತಿರುಗಿಸಬೇಕು. ಶಾಶ್ವತ ಅಯಸ್ಕಾಂತದ ಮೋಟಾರು ಇದ್ದರೆ ಅದು ಉಲ್ಟಾ ತಿರುಗುತ್ತದೆ. ಪಾಯಿಂಟ್ ಇರುವ ಹಳೆಯ ಎಸ್‌ಯು ಪೆಟ್ರೋಲ್ ಪಂಪಿಗೆ ದಿಕ್ಕಿನ ಗೊಡವೆಯಿಲ್ಲ, ಒಳಗೆ ಡಯೋಡ್ ಇರುವ ಪಂಪಿಗೆ ಇದೆ.

ಕೂರಿಸಿದ ಮೇಲೆ ಪರೀಕ್ಷೆ ಮೂರು. ಎಂಜಿನ್ 2,000 ಆರ್‌ಪಿಎಂ, ಹೆಡ್‌ಲೈಟು ಉರಿಯುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಆಲ್ಟರ್ನೇಟರ್ ಡಬ್ಬಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ 0.2 ವೋಲ್ಟಿಗಿಂತ ಹೆಚ್ಚಿದ್ದರೆ ಎಂಜಿನ್ನಿನ ಅರ್ಥ್ ಪಟ್ಟಿ ಬದಲಿಸಿ. ಮೀಟರನ್ನು ಎಸಿ ವೋಲ್ಟೇಜಿಗೆ ತಿರುಗಿಸಿ ಮತ್ತೆ ಬ್ಯಾಟರಿಯಲ್ಲಿ ಅಳೆಯಿರಿ. ಅರ್ಧ ವೋಲ್ಟ್ ಮೀರಿದರೆ ಡಯೋಡ್ ಹೋಗಿದೆ, ಕೆಂಪು ದೀಪವೂ ಮಬ್ಬಾಗಿ ಉರಿಯುತ್ತಿರುತ್ತದೆ. ಈ ಪರೀಕ್ಷೆಯ ನಡುವೆ, ಎಂಜಿನ್ ಓಡುತ್ತಿರುವಾಗ, ಬ್ಯಾಟರಿ ಕೇಬಲ್ ಕಳಚಿ "ಚಾರ್ಜಾಗ್ತಿದೆಯಾ ನೋಡೋಣ" ಎನ್ನುವ ಹಳೆಯ ಅಭ್ಯಾಸವನ್ನು ಡೈನಮೊ ಸಹಿಸಿಕೊಂಡಿದ್ದೀತು, ಆಲ್ಟರ್ನೇಟರಿನ ರೆಗ್ಯುಲೇಟರ್ ಸಹಿಸುವುದಿಲ್ಲ.