ಆರು ಮಳೆಗಾಲ ದಾಟಿದ ಏಳು ಬಟ್ಟೆ

ನನ್ನ ಬೀರು ತೆರೆದು ನೋಡಿದರೆ ಯಾರಿಗೂ ಹೊಟ್ಟೆಕಿಚ್ಚಾಗುವುದಿಲ್ಲ. ಮೂರು ರವಿಕೆ: ಕಪ್ಪು, ಮೆರೂನ್, ಹಾಲುಬಿಳಿ. ಎರಡು ಕಾಟನ್ ಕುರ್ತಾ, ಒಂದು ಬಿಳಿ, ಇನ್ನೊಂದು ಕಡು ನೀಲಿ. ಒಂದು ಕಪ್ಪು ಪ್ಯಾಂಟು. ಒಂದು ಬೂದು ಬಣ್ಣದ ಉಣ್ಣೆ ಸ್ವೆಟರ್. ಸೀರೆಗಳು, ಮದುವೆ ಮನೆಗೆ ಉಡುವ ಬಟ್ಟೆಗಳು ಬೇರೆ ಇವೆ. ಅವುಗಳ ಮಾತು ಇಲ್ಲಿ ಬೇಡ. ಈ ಏಳನ್ನು 2019ರ ಬೇಸಿಗೆಯಲ್ಲಿ ಒಂದೊಂದಾಗಿ ಕೊಂಡೆ, ಹೊಲಿಸಿದೆ. ಮಡಿಕೇರಿಯಲ್ಲಿ ಟೀಚರ್ ಕೆಲಸ, ವಾರಕ್ಕೆ ಆರು ದಿನ ಹೊರಗೆ ಓಡಾಟ. ಆರು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ.

ಇದು ಶುರುವಾಗಿದ್ದು 2018ರ ಆಗಸ್ಟಿನಲ್ಲಿ. ಗುಡ್ಡಗಳು ಜರಿದ ಆ ವಾರ ನಮ್ಮ ಮನೆಗೇನೂ ಆಗಲಿಲ್ಲ. ಆದರೆ ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ನೋಡಿದರೆ ನಿದ್ದೆ ಬರುತ್ತಿರಲಿಲ್ಲ. ಒಂದು ಬ್ಯಾಗಿಗೆ ಕೈಗೆ ಸಿಕ್ಕಿದ್ದು ತುಂಬಿಕೊಂಡು ಕುಶಾಲನಗರದ ಅಕ್ಕನ ಮನೆಗೆ ಹೋದೆವು. ಎರಡು ವಾರ ಅಲ್ಲಿದ್ದೆ. ಉಟ್ಟಿದ್ದು ನಾಲ್ಕೇ ಬಟ್ಟೆ. ವಾಪಸ್ ಬಂದು ಬೀರು ತೆರೆದರೆ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಐವತ್ತಕ್ಕೂ ಜಾಸ್ತಿ ಬಟ್ಟೆ ಇತ್ತು, ಅರ್ಧಕ್ಕರ್ಧ ಎಸೆಯುವ ಸ್ಥಿತಿ. ಬೇಜಾರಾಗಿದ್ದು ಅದಕ್ಕಲ್ಲ. ಎಸೆದವುಗಳಲ್ಲಿ ಒಂದೂ ಆಮೇಲೆ ನೆನಪಿಗೆ ಬರಲಿಲ್ಲ, ಅದಕ್ಕೆ.

ಮೊದಲು ರವಿಕೆ. ಸೀರೆಗೆ ಬಂದ ಪೀಸನ್ನೇ ಹೊಲಿಸಿದರೆ ಅದು ಆ ಒಂದು ಸೀರೆಗೆ ಮಾತ್ರ. ಕಪ್ಪು, ಮೆರೂನ್, ಹಾಲುಬಿಳಿ ಮೂರಿದ್ದರೆ ನನ್ನ ಹತ್ತೊಂಬತ್ತು ಸೀರೆಗಳಲ್ಲಿ ಹದಿನೈದಕ್ಕೆ ನಡೆಯುತ್ತದೆ. ಟೂ ಬೈ ಟೂ ರೂಬಿಯಾ ಅನ್ನುವ ಹತ್ತಿ ಬಟ್ಟೆ ತಗೊಂಡೆ. ಉದ್ದಕ್ಕೂ ಅಡ್ಡಕ್ಕೂ ಎರಡೆಳೆ ಹೊಸೆದ ನೂಲು ಇರುವುದರಿಂದ ಆ ಹೆಸರು. ಆದರೆ ಅದೇ ಹೆಸರಿನಲ್ಲಿ ಈಗ ಪಾಲಿಯೆಸ್ಟರ್ ಬೆರೆಸಿದ್ದೂ ಮಾರುತ್ತಾರೆ, ಮುಟ್ಟಿದರೆ ಗೊತ್ತಾಗಲ್ಲ. ಅಂಚಿನಿಂದ ಒಂದೆಳೆ ಕಿತ್ತು ಬೆಂಕಿ ತಾಗಿಸಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ.

ಹೊಲಿಸುವ ಮೊದಲು ಬಟ್ಟೆ, ಲೈನಿಂಗ್ ಎರಡನ್ನೂ ಒಂದು ರಾತ್ರಿ ನೀರಲ್ಲಿ ನೆನೆಸಿಟ್ಟೆ. ಲೈನಿಂಗ್ ಆಮೇಲೆ ಕುಗ್ಗಿದರೆ ರವಿಕೆ ಒಳಗಿಂದ ಸುಕ್ಕು ಹಿಡಿಯುತ್ತದೆ. ನನ್ನ ಟೈಲರಣ್ಣನಿಗೆ ಒಂದೇ ಮಾತು ಹೇಳಿದ್ದೆ: "ಅಣ್ಣಾ, ಪಕ್ಕದಲ್ಲಿ ಮಾರ್ಜಿನ್ ಜಾಸ್ತಿ ಬಿಡಿ." ಅವರು ನಕ್ಕರು: "ಮಿಸ್, ಈಗಲೇ ದಪ್ಪ ಆಗೋ ಪ್ಲಾನಾ?" ನಾಲ್ಕನೇ ವರ್ಷ ಹೋಗಿ ಎರಡೂ ಬದಿ ಅರ್ಧರ್ಧ ಇಂಚು ಬಿಡಿಸಿಕೊಂಡೆ. ಅವರು ಏನೂ ಹೇಳಲಿಲ್ಲ, ಅದು ಅವರ ದೊಡ್ಡತನ. ಒಂದೊಂದಕ್ಕೆ ಬಟ್ಟೆ, ಲೈನಿಂಗ್, ಕೂಲಿ ಸೇರಿ ಐನೂರರ ಹತ್ತಿರ ಬಿದ್ದಿತ್ತು. ಕಪ್ಪು ಮಾತ್ರ ಕಂಕುಳ ಹತ್ತಿರ ಸ್ವಲ್ಪ ಕಂದಿದೆ.

ಸ್ವೆಟರಿಗೆ 2,400 ರೂಪಾಯಿ ಕೊಟ್ಟೆ ಅಂದಾಗ ಅತ್ತೆ ಒಂದು ದಿನ ಮಾತಾಡಲಿಲ್ಲ. ಅದಕ್ಕೆ ಮೊದಲು ವರ್ಷಕ್ಕೊಂದು ಅಕ್ರಿಲಿಕ್ ಸ್ವೆಟರ್ ತರುತ್ತಿದ್ದೆ, ಐನೂರು ರೂಪಾಯಿಯದು. ಜನವರಿ ಹೊತ್ತಿಗೆ ಮೈತುಂಬಾ ಸಣ್ಣ ಗುಂಡುಗಳೇಳುತ್ತಿದ್ದವು. ಇದು ಅಪ್ಪಟ ಉಣ್ಣೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನಿಸುವುದಿಲ್ಲ. ನಮ್ಮ ಮಂಜು, ಜಿಟಿಜಿಟಿ ಮಳೆಯಲ್ಲಿ ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಡೆದವರಿಗೆ ಇದರ ಬೆಲೆ ಗೊತ್ತು. ವರ್ಷಕ್ಕೆ ನೂರು ದಿನ ಅಂತಿಟ್ಟುಕೊಂಡರೂ ಆರು ವರ್ಷದಲ್ಲಿ ದಿನಕ್ಕೆ ನಾಲ್ಕು ರೂಪಾಯಿ. ಈ ಲೆಕ್ಕ ಅತ್ತೆಗೆ ಹೇಳಿದೆ. "ಹಾಗಾದ್ರೆ ನನಗೂ ಒಂದು ತಾ" ಅಂದರು. ತಂದುಕೊಟ್ಟೆ. ಆದರೆ ನೇತುಹಾಕಬಾರದು, ಹಾಸಿ ಒಣಗಿಸಬೇಕು, ಇಲ್ಲದಿದ್ದರೆ ತೋಳು ಮೊಣಕಾಲು ಮುಟ್ಟುತ್ತದೆ. ಎಡ ಮೊಣಕೈ ಸವೆದು ಹೋಗಿತ್ತು, ನಾನೇ ರಫು ಮಾಡಿಕೊಂಡೆ. ಹತ್ತಿರ ಬಂದರೆ ಕಾಣುತ್ತದೆ.

ಈಗ ದೂರು. ಒಳ್ಳೆಯ ಹತ್ತಿ ಬಟ್ಟೆ ಕೊಡಗಿನ ಮಳೆಗಾಲದಲ್ಲಿ ಒಣಗುವುದಿಲ್ಲ. ಇದನ್ನು ಯಾರೂ ಹೇಳುವುದಿಲ್ಲ. ಬಟ್ಟೆ ದಪ್ಪವಾದಷ್ಟೂ ಬಾಳಿಕೆ ಜಾಸ್ತಿ, ಒಣಗುವುದೂ ಅಷ್ಟೇ ನಿಧಾನ. ಮಡಿಕೇರಿಯ ವಾರ್ಷಿಕ ಮಳೆ 3,000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ನನ್ನ ಕುರ್ತಾ ಒಣಗಲು ನಾಲ್ಕು ದಿನ ಬೇಕು. ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಹಾಕಿದರೆ ಎರಡು ದಿನ, ಜೊತೆಗೆ ಹೊಗೆ ವಾಸನೆ ಉಚಿತ. ಒಮ್ಮೆ ಒದ್ದೆ ಬಟ್ಟೆಗಳ ಬಕೆಟ್ ಕಾರಲ್ಲಿಟ್ಟುಕೊಂಡು ಕುಶಾಲನಗರಕ್ಕೆ ಹೋಗಿ ಅಕ್ಕನ ಮನೆ ತಾರಸಿಯಲ್ಲಿ ಒಣಗಿಸಿ ತಂದಿದ್ದೇನೆ. ನಗಬೇಡಿ, ಮೂವತ್ತು ಕಿಲೋಮೀಟರಿಗೆ ಆಕಾಶವೇ ಬೇರೆ.

ಬಿಳಿ ಕುರ್ತಾ ನನ್ನ ತಪ್ಪು. "ಬಿಳಿ ಒಂದು ಇರಲೇಬೇಕು" ಅಂತ ಎಲ್ಲರೂ ಹೇಳುತ್ತಾರಲ್ಲ, ಹಾಗೆ ಹೇಳುವವರು ಬೂಷ್ಟು ಕಂಡವರಲ್ಲ. ಮೊದಲ ವರ್ಷ ಗಂಜಿ ಹಾಕಿ ಇಸ್ತ್ರಿ ಮಾಡಿ ಮಡಚಿಟ್ಟೆ. ಗಂಜಿ ಅಂದರೆ ಬೂಷ್ಟಿಗೆ ಊಟ. ಮಡಿಕೆಗಳಲ್ಲಿ ಕಪ್ಪು ಚುಕ್ಕೆ ಬಂತು, ಇವತ್ತಿಗೂ ಹೋಗಿಲ್ಲ. ಮೇಲಿಂದ ಮೂರನೇ ವರ್ಷ, ಕಕ್ಕಡ ಹದಿನೆಂಟರ ದಿನ (ಕೊಡಗಿನ ಕಕ್ಕಡ ತಿಂಗಳ ಹದಿನೆಂಟು, ಅವತ್ತು ಮದ್ದುಸೊಪ್ಪಿನ ಅಡುಗೆ), ಮದ್ದುಸೊಪ್ಪಿನ ಪಾಯಸ ಎದೆ ಮೇಲೆ ಚೆಲ್ಲಿತು. ಆ ಸೊಪ್ಪು ಬಿಡುವ ನೇರಳೆ ಬಣ್ಣ ಗೊತ್ತಿದ್ದವರಿಗೆ ಗೊತ್ತು. ಈಗ ಅದನ್ನು ತೋಟಕ್ಕೆ ಹೋಗುವಾಗ ಹಾಕುತ್ತೇನೆ. ಕಡು ನೀಲಿ ಕುರ್ತಾ ಮಾತ್ರ ಚೆನ್ನಾಗಿ ಬಾಳಿದೆ. ಬಣ್ಣ ತಿಳಿಯಾಗುತ್ತಾ ಹೋದಂತೆ ಇನ್ನೂ ಚೆಂದ ಕಾಣುತ್ತಿದೆ.

ಪ್ಯಾಂಟಿನದು ಬೇರೆ ಕಥೆ. ಮೊದಲು ಆನ್‌ಲೈನಲ್ಲಿ 1,800 ರೂಪಾಯಿಯ ರೆಡಿಮೇಡ್ ತರಿಸಿದೆ. ಎರಡನೇ ತಿಂಗಳಿಗೆ ತೊಡೆಸಂದಿನ ಹೊಲಿಗೆ ಬಿಟ್ಟಿತು. ಒಳಗೆ ನೋಡಿದರೆ ಬಿಟ್ಟ ಬಟ್ಟೆ ಕಾಲು ಇಂಚೂ ಇಲ್ಲ, ಮತ್ತೆ ಹೊಲಿಯಲು ಜಾಗವೇ ಇಲ್ಲ. ವಾಪಸ್ ಮಾಡುವ ಅವಧಿ ಮುಗಿದಿದೆ ಅಂದರು. ಬೆಲೆ ಜಾಸ್ತಿ ಕೊಟ್ಟರೆ ಒಳ್ಳೆಯದು ಸಿಗುತ್ತದೆ ಅನ್ನುವ ನಂಬಿಕೆ ಅಲ್ಲಿಗೆ ಹೋಯಿತು. ಈಗಿರುವುದು ಟೈಲರಣ್ಣ ಹೊಲಿದದ್ದು, 1,300 ರೂಪಾಯಿ. ಅಂಗಡಿಯಲ್ಲಿ ಈಗ ಯಾವ ಬಟ್ಟೆಯನ್ನೂ ಮೊದಲು ಒಳಮೈ ತಿರುಗಿಸಿಯೇ ನೋಡುತ್ತೇನೆ.

ಮಕ್ಕಳು ಕಣ್ಣಿಟ್ಟಿರುತ್ತಾರೆ. "ಮಿಸ್ ಯಾವಾಗ್ಲೂ ಅದೇ ಸ್ವೆಟರ್" ಅಂತ ಎಂಟನೇ ಕ್ಲಾಸಿನ ಹುಡುಗಿ ಪಿಸುಗುಟ್ಟಿದ್ದು ಕೇಳಿಸಿತು. ಮೊದಲಾಗಿದ್ದರೆ ಮುಜುಗರ ಆಗುತ್ತಿತ್ತು. ಆದರೆ ನಮ್ಮ ಸ್ಟಾಫ್ ರೂಮಿನ ಕೊಡವ ಮೇಷ್ಟ್ರನ್ನು ನೋಡಿ. ಸುಗ್ಗಿ ಹಬ್ಬ ಪುತ್ತರಿಗೂ ಮದುವೆಗೂ ಅದೇ ಕಪ್ಪು ಕುಪ್ಯ ಅನ್ನುವ ಉದ್ದ ನಿಲುವಂಗಿ, ಸೊಂಟಕ್ಕೆ ಸುತ್ತುವ ಕೆಂಪು ಚೇಲೆ. ಅವರ ತಂದೆಯ ಕುಪ್ಯವಂತೆ ಅದು, ಭುಜಕ್ಕೆ ಸ್ವಲ್ಪ ಬಿಡಿಸಿಕೊಂಡಿದ್ದಾರೆ. "ಯಾವಾಗ್ಲೂ ಅದೇ" ಅಂತ ಅವರಿಗೆ ಯಾರೂ ಹೇಳಿದ್ದು ಕೇಳಿಲ್ಲ.

ಮಳೆ ಹಿಡಿಯುವುದರೊಳಗೆ ಇನ್ನೊಂದು ಕಪ್ಪು ರವಿಕೆ ಹೊಲಿಸಬೇಕು. ಬಟ್ಟೆ ತಂದು ನೆನೆಸಿಟ್ಟಿದ್ದೇನೆ. ಟೈಲರಣ್ಣ ಮದುವೆ ಆರ್ಡರ್ ಮುಗಿಯದೆ ಮುಟ್ಟುವುದಿಲ್ಲ ಅಂದಿದ್ದಾರೆ.