ಡ್ಯಾಶ್‌ಬೋರ್ಡ್ ಬಿಚ್ಚದೆ ಹೀಟರ್ ಸರಿ ಮಾಡಿದ ಗ್ಯಾರೇಜು

ನಮ್ಮ ಕಡೆ ಕಾರಿಗೆ ಹೀಟರ್ ಯಾಕೆ ಅಂತ ಕೇಳುವವರು ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರೂವರೆಗೆ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ನೋಡಲಿ. ಚಳಿ ಹೇಗೋ ತಡೆದುಕೊಳ್ಳಬಹುದು. ಮುಂದಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟಿದರೆ ಎದುರಿಗೆ ಬರುವ ಬಸ್ಸೇ ಕಾಣಲ್ಲ. ಸುಳ್ಯಕ್ಕೆ ಕೆಲಸಕ್ಕೆ ಹೋಗುವ ನಾನು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಹಳೇ ಬನಿಯನ್ ಹಿಡಿದು ಎರಡು ವಾರ ಗಾಜು ಒರೆಸಿಕೊಂಡೇ ಓಡಿಸಿದೆ.

ಕಾರು 2009ರ ಸ್ಯಾಂಟ್ರೋ. ಬ್ಲೋವರ್ ಜೋರಾಗಿಯೇ ತಿರುಗುತ್ತಿತ್ತು. ಗುಂಡಿಯನ್ನು ಪೂರ್ತಿ ಕೆಂಪಿನ ಕಡೆ ತಿರುಗಿಸಿದರೂ ಬರುವುದು ತಣ್ಣನೆ ಗಾಳಿ. ಮೊದಲು ತೋರಿಸಿದ ಕಡೆ ಬಾನೆಟ್ ಕೂಡ ಎತ್ತಲಿಲ್ಲ. "ಹೀಟರ್ ಕಾಯಿಲ್ ಹೋಗಿದೆ ಮೇಡಂ, ಡ್ಯಾಶ್‌ಬೋರ್ಡ್ ಬಿಚ್ಚಬೇಕು, 9,500 ಆಗುತ್ತೆ" ಅಂದರು. ಹಳೇ ಗಾಡಿಯ ಡ್ಯಾಶ್‌ಬೋರ್ಡ್ ಒಮ್ಮೆ ಬಿಚ್ಚಿದರೆ ಆಮೇಲೆ ಅದು ಜೀವನಪೂರ್ತಿ ಕಿರ್ರ್ ಅನ್ನುತ್ತೆ, ಅಲ್ವಾ? ಬೇಡ ಅಂತ ಬಂದೆ.

ಕುಶಾಲನಗರದಲ್ಲಿ ಮೈಸೂರು ರಸ್ತೆ ಬದಿಯ ಈ ಶೆಡ್ಡನ್ನು ಹೇಳಿದ್ದು ನಮ್ಮ ಭಾವ. ತಗಡಿನ ಮಾಡು, ಬೋರ್ಡಿನ ಬಣ್ಣ ಅರ್ಧ ಹೋಗಿದೆ. ಮೆಕ್ಯಾನಿಕ್ ಮೊದಲು ನೋಡಿದ್ದು ಹೀಟರನ್ನಲ್ಲ, ಟೆಂಪರೇಚರ್ ಮುಳ್ಳನ್ನು. ಮೂವತ್ತು ಕಿಲೋಮೀಟರ್ ಓಡಿಸಿ ಬಂದಿದ್ದೆ, ಮುಳ್ಳು ಇನ್ನೂ ತಳದಲ್ಲೇ ಮಲಗಿತ್ತು. ಎಷ್ಟು ದಿನದಿಂದ ಹೀಗೆ ಅಂದರು. ನಾನು ಗಮನಿಸಿಯೇ ಇರಲಿಲ್ಲ. ಮುಳ್ಳು ಮೇಲೆ ಹೋದರೆ ತಾನೇ ನಾವು ಹೆದರುವುದು?

ಆಮೇಲೆ ಇಂಜಿನ್‌ನ ಬಿಸಿನೀರು ಕ್ಯಾಬಿನ್ ಒಳಗಿನ ಹೀಟರ್ ಕಾಯಿಲ್‌ಗೆ ಹೋಗಿ ಬರುವ ಎರಡು ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ನನ್ನ ಕೈಯಲ್ಲೂ ಮುಟ್ಟಿಸಿದರು. ಎರಡೂ ಬರೀ ಉಗುರುಬೆಚ್ಚಗೆ. "ಕಾಯಿಲ್ ಕಟ್ಟಿದ್ದರೆ ಒಂದು ಸುಡಬೇಕಿತ್ತು, ಇನ್ನೊಂದು ತಣ್ಣಗಿರಬೇಕಿತ್ತು. ಇಂಜಿನ್ನೇ ಬಿಸಿ ಆಗ್ತಿಲ್ಲ ಅಕ್ಕಾ, ಹೀಟರ್‌ಗೆ ಬಿಸಿ ಎಲ್ಲಿಂದ ಬರಬೇಕು?"

ಇಂಜಿನ್ ಪೂರ್ತಿ ಆರಲಿ ಅಂತ ಕಾದು ಥರ್ಮೋಸ್ಟಾಟ್ ವಾಲ್ವಿನ ಮುಚ್ಚಳ ಬಿಚ್ಚಿದರೆ ಒಳಗೆ ವಾಲ್ವೇ ಇಲ್ಲ! ಯಾವತ್ತೋ ಇಂಜಿನ್ ಕಾದಾಗ ಯಾರೋ ಅದನ್ನು ಕಿತ್ತು ಬಿಸಾಕಿದ್ದಾರೆ. ನೀರು ಸುಮಾರು 80 ಡಿಗ್ರಿ ದಾಟುವವರೆಗೆ ರೇಡಿಯೇಟರ್‌ಗೆ ಬಿಡದೆ ತಡೆಯುವುದು ಆ ವಾಲ್ವಿನ ಕೆಲಸ. ಅದಿಲ್ಲದಿದ್ದರೆ ನೀರು ಸದಾ ರೇಡಿಯೇಟರ್ ಸುತ್ತಿ ತಣ್ಣಗಾಗಿಯೇ ಬರುತ್ತೆ. ಘಾಟಿ ಇಳಿಯುವಾಗ ಇಂಜಿನ್‌ಗೆ ದುಡಿಮೆಯೂ ಇಲ್ಲ, ಇನ್ನೂ ತಣ್ಣಗೆ. ಇಂಜಿನ್ ತಂಪಿಡುವ ಕೂಲೆಂಟ್ ದ್ರವದ ಬದಲು ಬರೀ ನಲ್ಲಿ ನೀರು ಹಾಕಿದ್ದರಂತೆ, ಹೊರಬಂದದ್ದು ಚಹಾದ ಬಣ್ಣದಲ್ಲಿತ್ತು.

ಹೊಸ ವಾಲ್ವು 480, ಕೂಲೆಂಟ್ ಎರಡು ಲೀಟರ್ 640, ಬೆರೆಸಲು ಡಿಸ್ಟಿಲ್ಡ್ ವಾಟರ್ 60, ಕೂಲಿ 500. ಒಟ್ಟು 1,680. ಕೂಲೆಂಟ್ ತುಂಬಿದ ಮೇಲೆ ಹೀಟರ್ ಪೂರ್ತಿ ಇಟ್ಟು, ರೇಡಿಯೇಟರ್ ಮುಚ್ಚಳ ತೆಗೆದೇ ಇಂಜಿನ್ ಓಡಿಸಿ ಗುಳ್ಳೆ ಬರುವುದು ನಿಲ್ಲುವವರೆಗೆ ನಿಂತರು. ಒಳಗೆ ಗಾಳಿ ಉಳಿದರೂ ಹೀಟರ್ ಬಿಸಿ ಬರಲ್ಲವಂತೆ. ಗಾಜಿನ ಹಬೆ ಬೇಗ ಹೋಗಬೇಕಾದರೆ ಹೀಟರ್ ಜೊತೆ ಎಸಿನೂ ಹಾಕಿ ಅಂದರು. ಎಸಿ ಗಾಳಿಯ ತೇವ ಹೀರುತ್ತೆ, ಹೀಟರ್ ಅದನ್ನು ಬಿಸಿ ಮಾಡುತ್ತೆ. ಇಷ್ಟು ವರ್ಷ ಎರಡೂ ಒಟ್ಟಿಗೆ ಹಾಕಬಾರದು ಅಂದುಕೊಂಡಿದ್ದೆ.

ದೂರು ಇಲ್ಲ ಅಂತಲ್ಲ. "ಒಂದು ಗಂಟೆ ಅಷ್ಟೇ" ಅಂದವರು ಬಿಟ್ಟಿದ್ದು ಮಧ್ಯಾಹ್ನ ಮೂರಕ್ಕೆ. ಬಿಲ್ಲು ಅಂದರೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದ ನಾಲ್ಕು ಸಾಲು. ಡ್ರೈವರ್ ಸೀಟಿನ ಮೇಲೆ ಗ್ರೀಸಿನ ಐದು ಬೆರಳು ಹಾಗೇ ಮೂಡಿದೆ, ಇನ್ನೂ ಹೋಗಿಲ್ಲ.

ಹೋಗುವುದಾದರೆ ಗಾಡಿಯನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟುಬಿಡಿ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ಅವರು ಯಾರು ಹೇಳಿದರೂ ತೆಗೆಯಲ್ಲ. ನಾನು ಅಲ್ಲಿ ಕಾದ ಹೊತ್ತಿನಲ್ಲಿ ಒಂದು ಗಂಟೆ ಹೋಗಿದ್ದು ಇಂಜಿನ್ ಆರುವುದಕ್ಕೇ.