ಒಂದೇ ಬಿಲ್, ಎರಡು ಕೋಡ್: ಜಾವಾ 21ರಲ್ಲಿ ಕ್ಲಾಸ್ ದಾರಿ ಮತ್ತು ಫಂಕ್ಷನ್ ದಾರಿ

ಕಿರಾಣಿ ಅಂಗಡಿಯ ಬಿಲ್ ಲೆಕ್ಕವನ್ನು ಜಾವಾ 21ರಲ್ಲಿ ಎರಡು ಬಗೆಯಲ್ಲಿ ಬರೆದು ನೋಡಿದ ಹೋಲಿಕೆ ಇದು. ಸರಕು ಮೂರು ಬಗೆ: ಎಂಆರ್‌ಪಿ ಇರುವ ಪ್ಯಾಕೆಟ್, ತೂಗಿ ಕೊಡುವ ಅಕ್ಕಿ-ಬೇಳೆ, ಹಲವು ಸರಕು ಸೇರಿದ ಕಾಂಬೊ. ಕೆಲಸ ಎರಡು: ಬೆಲೆ ಕಟ್ಟುವುದು, ಬಿಲ್ಲಿನ ಸಾಲು ತಯಾರಿಸುವುದು.

ಕ್ಲಾಸ್ ದಾರಿಯಲ್ಲಿ ಒಂದು ಇಂಟರ್‌ಫೇಸ್ (ಯಾವ ಮೆಥಡ್‌ಗಳು ಇರಬೇಕೆಂದು ಹೇಳುವ ಕರಾರು), ಮೂರು ಕ್ಲಾಸ್, ಪ್ರತಿ ಕ್ಲಾಸಿನಲ್ಲೂ ಎರಡು ಮೆಥಡ್. ಫಂಕ್ಷನ್ ದಾರಿಯಲ್ಲಿ ಒಂದು ಸೀಲ್ಡ್ ಇಂಟರ್‌ಫೇಸ್ (ಅದರಡಿ ಯಾವ ಬಗೆಗಳು ಬರಬಹುದೆಂದು ಮೊದಲೇ ಗೊತ್ತುಮಾಡಿದ್ದು), ಮೂರು ರೆಕಾರ್ಡ್ (ಮಾಹಿತಿ ಹಿಡಿದಿಡುವ ಸರಳ ಟೈಪ್), ಹೊರಗೆ ಎರಡು ಸ್ಟ್ಯಾಟಿಕ್ ಫಂಕ್ಷನ್. ಪ್ರತಿ ಫಂಕ್ಷನ್ನಿನಲ್ಲೂ ಸರಕಿನ ಬಗೆ ನೋಡಿ ಕವಲೊಡೆಯುವ ಮೂರು ಕೇಸಿನ ಸ್ವಿಚ್. ಇಲ್ಲಿಯವರೆಗೆ ಎರಡೂ ಸಮ. ಕೋಡ್ ಬೆಳೆಯತೊಡಗಿದಾಗ ಗುಣ ಗೊತ್ತಾಗುತ್ತದೆ.

‘ವಾಪಸ್ ಬಂದ ಸರಕು’ ಎಂಬ ನಾಲ್ಕನೇ ಬಗೆ ಸೇರಿಸಿ ನೋಡಿ. ಕ್ಲಾಸ್ ದಾರಿಯಲ್ಲಿ ಒಂದು ಹೊಸ ಫೈಲ್ ಬರೆದರೆ ಮುಗಿಯಿತು, ಹಳೆಯ ಕ್ಲಾಸುಗಳನ್ನು ಮುಟ್ಟಬೇಕಿಲ್ಲ. ಫಂಕ್ಷನ್ ದಾರಿಯಲ್ಲಿ ಎರಡೂ ಸ್ವಿಚ್ ತಿದ್ದಬೇಕು. ಈಗ ಬಗೆಯ ಬದಲು ‘ಸ್ಟಾಕಿನಿಂದ ಎಷ್ಟು ಕಳೆಯಬೇಕು’ ಎಂಬ ಹೊಸ ಕೆಲಸ ಸೇರಿಸಿ. ಫಂಕ್ಷನ್ ದಾರಿಯಲ್ಲಿ ಒಂದೇ ಹೊಸ ಫಂಕ್ಷನ್. ಕ್ಲಾಸ್ ದಾರಿಯಲ್ಲಿ ಇಂಟರ್‌ಫೇಸಿನ ಜೊತೆ ಅಷ್ಟೂ ಕ್ಲಾಸು ತೆರೆಯಬೇಕು. ಕಂಪ್ಯೂಟರ್ ವಿಜ್ಞಾನಿ ಫಿಲಿಪ್ ವಾಡ್ಲರ್ 1998ರಲ್ಲಿ ‘ಎಕ್ಸ್‌ಪ್ರೆಶನ್ ಪ್ರಾಬ್ಲಂ’ ಎಂದು ಹೆಸರಿಟ್ಟದ್ದು ಈ ಎಳೆದಾಟಕ್ಕೇ. ಬಿಲ್ಲಿಂಗಿನಲ್ಲಿ ಸರಕಿನ ಬಗೆ ಅಪರೂಪಕ್ಕೆ ಹೆಚ್ಚುತ್ತದೆ, ವರದಿ ಮತ್ತು ಲೆಕ್ಕಗಳು ಮಾತ್ರ ಬರುತ್ತಲೇ ಇರುತ್ತವೆ. ಹಾಗಾಗಿ ಈ ಭಾಗಕ್ಕೆ ನಮ್ಮ ಆಯ್ಕೆ ಫಂಕ್ಷನ್ ದಾರಿ.

ಒಂದು ಷರತ್ತು ಇದೆ: ಆ ಸ್ವಿಚ್‌ಗಳಲ್ಲಿ ಡೀಫಾಲ್ಟ್ ಕೇಸ್ (ಬೇರೆ ಯಾವ ಕೇಸೂ ಹೊಂದದಿದ್ದಾಗ ಓಡುವುದು) ಬರೆಯಲೇಬೇಡಿ. ಡೀಫಾಲ್ಟ್ ಇಲ್ಲದಿದ್ದರೆ ಹೊಸ ಬಗೆ ಸೇರಿದ ಕೂಡಲೇ ಕಂಪೈಲರ್ ಬಿಟ್ಟುಹೋದ ಜಾಗಗಳನ್ನೆಲ್ಲ ತೋರಿಸುತ್ತದೆ. ಡೀಫಾಲ್ಟ್ ಇದ್ದರೆ ಕಂಪೈಲರ್ ಸುಮ್ಮನಾಗುತ್ತದೆ, ವಾಪಸ್ ಬಂದ ಸರಕು ಮಾರಿದ ಸರಕಿನಂತೆಯೇ ಮೊತ್ತಕ್ಕೆ ಕೂಡಿಕೊಂಡು ಹೋಗಬಹುದು. ಸೀಲ್ಡ್ ಟೈಪಿನ ಲಾಭವೆಲ್ಲ ಆ ಒಂದು ಸಾಲಿನಲ್ಲಿ ಸೋರಿಹೋಗುತ್ತದೆ.

ರಿಯಾಯಿತಿಯ ಲೆಕ್ಕದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಪ್ಯಾಕೆಟ್ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿ, ಸೂಪರ್ (ಅಂದರೆ ಮೂಲ ಕ್ಲಾಸ್) ಕೊಟ್ಟ ಬೆಲೆಯಲ್ಲಿ 10% ಕಳೆಯುವ ‘ರಿಯಾಯಿತಿ ಪ್ಯಾಕೆಟ್’ ಬರೆದಿದ್ದೀರಿ ಎನ್ನಿ. ₹200ರ ಸರಕಿಗೆ ₹180. ಮುಂದೆ ಯಾರೋ ಹಬ್ಬಕ್ಕೆಂದು ಮೂಲ ಕ್ಲಾಸಿನಲ್ಲೇ 5% ಕಡಿತ ಹಾಕುತ್ತಾರೆ. ಮೂಲ ಬೆಲೆ ₹190 ಆಗುತ್ತದೆ, ಮಗು ಕ್ಲಾಸಿನದು ಸದ್ದಿಲ್ಲದೆ ₹171ಕ್ಕೆ ಇಳಿಯುತ್ತದೆ. ಆ ಫೈಲನ್ನು ಯಾರೂ ತೆರೆದೇ ಇಲ್ಲ! ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನಿಂದ ಮಗು ಕ್ಲಾಸ್ ಪಡೆಯುವುದು) ಬಿಟ್ಟು ಕಾಂಪೊಸಿಷನ್ (ಬಿಡಿ ಭಾಗಗಳನ್ನು ಜೋಡಿಸುವುದು) ಹಿಡಿಯಿರಿ ಎಂದು ಆಬ್ಜೆಕ್ಟ್ ವಿನ್ಯಾಸ ಬಲ್ಲವರೇ ಹೇಳುವುದು ಇದಕ್ಕೆ. ಲೆಕ್ಕದ ವಿಧಾನವನ್ನು ಬೇರೆ ಆಬ್ಜೆಕ್ಟಾಗಿ ಜೋಡಿಸುವ ಸ್ಟ್ರಾಟೆಜಿ ಪ್ಯಾಟರ್ನ್‌ಗೆ ಇಂಟರ್‌ಫೇಸ್ ಮತ್ತು ನಾಲ್ಕೈದು ಪುಟ್ಟ ಕ್ಲಾಸು ಬೇಕಾದ ಕಡೆ, ಮೊತ್ತ ಪಡೆದು ಮೊತ್ತ ಕೊಡುವ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಸಾಕು.

ಆದರೆ ಫಂಕ್ಷನ್‌ಗಳನ್ನು ಪೋಣಿಸುವಾಗ ಕ್ರಮ ತಪ್ಪಬಾರದು. ₹200ರ ಸರಕಿಗೆ ಮೊದಲು ₹20 ಕಳೆದು ಆಮೇಲೆ 10% ತೆಗೆದರೆ ₹162. ಮೊದಲು 10%, ಆಮೇಲೆ ₹20 ಆದರೆ ₹160. ಜಾವಾದ ‘ಆಂಡ್‌ದೆನ್’ ಎಡದಿಂದ ಬಲಕ್ಕೆ ನಡೆಯುತ್ತದೆ, ‘ಕಂಪೋಸ್’ ತಿರುಗಾಮುರುಗಾ. ತಂಡದಲ್ಲಿ ‘ಆಂಡ್‌ದೆನ್’ ಒಂದನ್ನೇ ಬಳಸುವುದು ಕ್ಷೇಮ.

ಫಂಕ್ಷನ್ ದಾರಿಯಲ್ಲಿ ಜನ ಹೆಚ್ಚು ಎಡವುವುದು ಸ್ಟ್ರೀಮ್‌ಗಳಲ್ಲಿ, ಅಂದರೆ ಲಿಸ್ಟಿನ ಸರಕುಗಳನ್ನು ಒಂದೊಂದಾಗಿ ಫಂಕ್ಷನ್‌ಗಳ ಮೂಲಕ ಹಾಯಿಸುವಲ್ಲಿ. ಲಿಸ್ಟಿನ ಸ್ಟ್ರೀಮಿಗೆ ಮ್ಯಾಪ್ (ಪ್ರತಿಯೊಂದಕ್ಕೂ ಒಂದು ಫಂಕ್ಷನ್ ಓಡಿಸುವುದು) ಹಾಕಿ, ಅದರೊಳಗೇ ಸ್ಟಾಕ್ ಕಳೆದು, ಕೊನೆಗೆ ಕೌಂಟ್ ಕರೆದರೆ ಜಾವಾ 8ರಲ್ಲಿ ಸ್ಟಾಕ್ ಕಡಿಮೆಯಾಗುತ್ತಿತ್ತು. ಜಾವಾ 9ರಿಂದ ಈಚೆಗೆ, ಎಣಿಕೆ ಮೂಲ ಲಿಸ್ಟಿನಿಂದಲೇ ಸಿಗುವಂತಿದ್ದರೆ ಮ್ಯಾಪ್ ಓಡದೇ ಇರಬಹುದು. ಎಣಿಕೆ ಸರಿ ಬರುತ್ತದೆ, ಎರರ್ ಇರುವುದಿಲ್ಲ, ಸ್ಟಾಕ್ ಮಾತ್ರ ಇದ್ದಲ್ಲೇ ಇರುತ್ತದೆ. ಮ್ಯಾಪಿನೊಳಗೆ ಲೆಕ್ಕ ಮಾತ್ರ ಇರಲಿ. ಹೊರಗಿನದನ್ನು ಬದಲಿಸುವ ಕೆಲಸಕ್ಕೆ ಸಾದಾ ಫಾರ್ ಲೂಪೇ ಮೇಲು.

ರೆಕಾರ್ಡ್ ಬದಲಾಗದು ಎಂಬ ನಂಬಿಕೆಯೂ ಅರ್ಧ ನಿಜ. ಕಾಂಬೊ ರೆಕಾರ್ಡಿನೊಳಗೆ ಅರೇಲಿಸ್ಟ್ (ಬದಲಾಯಿಸಬಹುದಾದ ಪಟ್ಟಿ) ಇಟ್ಟರೆ, ಅದರ ಹಿಡಿತ ಇರುವ ಯಾರಾದರೂ ಬಿಲ್ ಆದ ಮೇಲೂ ಸರಕು ಸೇರಿಸಬಹುದು. ಕನ್‌ಸ್ಟ್ರಕ್ಟರಿನಲ್ಲೇ ‘ಲಿಸ್ಟ್.ಕಾಪಿಆಫ್’ ಬಳಸಿ ಬದಲಾಗದ ಪ್ರತಿ ಮಾಡಿ. ಬೆಲೆಗೆ ಬಿಗ್‌ಡೆಸಿಮಲ್ (ನಿಖರ ದಶಮಾಂಶ ಸಂಖ್ಯೆಯ ಟೈಪ್) ಬಳಸಿದರೆ ಇನ್ನೊಂದು ಎಚ್ಚರ: ಅದರ ಸಮತೆ ನೋಡುವ ಈಕ್ವಲ್ಸ್‌ಗೆ 2.0 ಮತ್ತು 2.00 ಬೇರೆ ಬೇರೆ, ಹಾಗಾಗಿ ಆ ರೆಕಾರ್ಡುಗಳೂ ಸಮವಾಗವು. ರೆಕಾರ್ಡ್ ಕಟ್ಟುವಾಗಲೇ ಎರಡು ದಶಮಾಂಶ ಸ್ಥಾನಕ್ಕೆ ಸ್ಕೇಲ್ ನಿಗದಿ ಮಾಡಿದರೆ ತೊಂದರೆ ಹೋಗುತ್ತದೆ.

ಟೆಸ್ಟ್ ಬರೆಯಲು ಫಂಕ್ಷನ್ ದಾರಿ ಸುಲಭ, ಆದರೆ ತಾನಾಗಿ ಸುಲಭವಾಗುವುದಿಲ್ಲ. ಹಬ್ಬದ ರಿಯಾಯಿತಿಯ ಫಂಕ್ಷನ್ ಒಳಗೇ ಇವತ್ತಿನ ತಾರೀಕು ಕೇಳಿದರೆ, ಇಂದು ಪಾಸಾದ ಟೆಸ್ಟ್ ಮುಂದಿನ ವಾರ ಫೇಲಾಗುತ್ತದೆ. ತಾರೀಕನ್ನು ಪ್ಯಾರಾಮೀಟರ್ ಆಗಿ ಕೊಡಿ.

ಪ್ರಿಂಟರ್, ತಕ್ಕಡಿಯ ಪೋರ್ಟ್, ಡೇಟಾಬೇಸ್ ಕನೆಕ್ಷನ್ ಇವುಗಳಿಗೆ ಕ್ಲಾಸೇ ಸರಿ. ತೆರೆಯುವುದು, ಮುಚ್ಚುವುದು, ನಡುವಿನ ಸ್ಥಿತಿ ಒಂದೇ ಕಡೆ ಅಡಗಿರಬೇಕು. ಜೊತೆಗೆ ಒಂದು ಇಂಟರ್‌ಫೇಸ್ ಇದ್ದರೆ ಪ್ರಿಂಟರ್ ಇಲ್ಲದೆಯೂ ಟೆಸ್ಟ್ ಓಡಿಸಬಹುದು.

ಎರಡು ಕೌಂಟರಿನಲ್ಲಿ ಒಂದೇ ಗಳಿಗೆಗೆ ಕೊನೆಯ ಒಂದು ಅಕ್ಕಿ ಮೂಟೆಗೆ ಬಿಲ್ ಹಾಕಿದರೆ? ಇಲ್ಲಿ ಎರಡು ದಾರಿಯೂ ಕೈಕೊಡುತ್ತವೆ. ಸಿಂಕ್ರೊನೈಸ್ಡ್ ಮೆಥಡ್ (ಒಮ್ಮೆಗೆ ಒಂದೇ ಕೆಲಸವನ್ನು ಒಳಬಿಡುವುದು) ರಕ್ಷಣೆ ಕೊಡುವುದು ಒಂದು ಜೆವಿಎಂ (ಓಡುತ್ತಿರುವ ಒಂದು ಜಾವಾ ಪ್ರೋಗ್ರಾಮ್) ಒಳಗೆ ಮಾತ್ರ. ರೆಕಾರ್ಡಿನಲ್ಲಿರುವ ಸ್ಟಾಕ್ ಓದಿದ ಗಳಿಗೆಯದು. ಉಳಿಕೆ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಒಂದು ಕಳೆಯುವ ಷರತ್ತನ್ನು ಡೇಟಾಬೇಸಿನ ಒಂದೇ ಅಪ್‌ಡೇಟ್ ಹೇಳಿಕೆಯಲ್ಲಿ ಇಟ್ಟು, ಬದಲಾದ ಸಾಲು ಒಂದೋ ಸೊನ್ನೆಯೋ ನೋಡಿ. ಸೊನ್ನೆ ಬಂದ ಕೌಂಟರಿನಲ್ಲಿ ಬಿಲ್ ನಿಲ್ಲಿಸಿ.